ನೆರಳಿಗೆ ಓಪನಿಂಗ್ ಡೇಟ್ ಯಾವಾಗ?

ಡಿಸ್ನಿ ಪಾರ್ಕುಗಳನ್ನು ಕಟ್ಟುವ ಇಮ್ಯಾಜಿನಿಯರ್‌ಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪತ್ರ ಕನ್ನಡದಲ್ಲಿದೆ. ಕ್ಯಾಲಿಫೋರ್ನಿಯಾದ ಗ್ಲೆಂಡೇಲ್‌ನಲ್ಲಿರುವ ನಿಮ್ಮ ಆಫೀಸಿನಲ್ಲಿ ಇದನ್ನು ಓದಬಲ್ಲವರು ಒಬ್ಬರೋ ಇಬ್ಬರೋ ಇರಬಹುದು. ಇಂಜಿನಿಯರುಗಳು ಕೂತಿರುವ ಯಾವ ಆಫೀಸಿನಲ್ಲೂ ನಮ್ಮ ಕಡೆಯವರು ಒಬ್ಬರಾದರೂ ಸಿಗುತ್ತಾರೆ. ಅವರು ಊಟದ ಹೊತ್ತಿಗೆ ಪಕ್ಕದವರಿಗೆ ಓದಿ ಹೇಳಿದರೆ ಸಾಕು. ಯಾರೂ ಇಲ್ಲದಿದ್ದರೂ ಚಿಂತೆಯಿಲ್ಲ. ಊರಿಂದ ಅಪ್ಪ ಅಮ್ಮ ಬಂದರೆ ಅವರನ್ನು ಒರ್ಲಾಂಡೋಗೆ ಕರೆದುಕೊಂಡು ಹೋಗದ ಕನ್ನಡಿಗರು ಈ ಫ್ಲಾರಿಡಾದಲ್ಲಿ ಕಡಿಮೆ. ಅವರು ಓದುತ್ತಾರೆ. ಅವರಿಗೂ ಇದರಲ್ಲಿ ಪಾಲಿದೆ.

ನಾನಿರುವುದು ಟ್ಯಾಂಪಾದಲ್ಲಿ. ಐ-4 ಹೆದ್ದಾರಿ ಹಿಡಿದರೆ ಒರ್ಲಾಂಡೋದ ನಿಮ್ಮ ಮ್ಯಾಜಿಕ್ ಕಿಂಗ್‌ಡಮ್ ಪಾರ್ಕಿಗೆ ಟ್ರಾಫಿಕ್ ಇಲ್ಲದ ದಿನ ಒಂದೂಕಾಲು ಗಂಟೆ. ಟ್ರಾಫಿಕ್ ಇಲ್ಲದ ದಿನ ಅಂತ ಒಂದು ಇದೆಯಾ ಅನ್ನುವುದು ಬೇರೆ ಮಾತು. ನಿಮ್ಮ ಪಾರ್ಕು ಅಂದರೆ ನನಗೆ ಇಷ್ಟ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದೆ ಬರುವುದೆಲ್ಲ ಇಷ್ಟ ಇರುವವನ ಗೊಣಗಾಟ.

ನನ್ನ ಅಪ್ಪ ತಿಪಟೂರಿನ ಕಡೆ ತೆಂಗಿನ ತೋಟದವರು. ಮೊದಲ ಸಲ ಅವರನ್ನು ಕರೆತಂದಾಗ ಸಿಂಡ್ರೆಲ್ಲಾ ಅರಮನೆಯನ್ನು ಒಂದು ನಿಮಿಷ ನೋಡಿದರು. "ಚೆನ್ನಾಗಿದೆ" ಅಂದರು. ಅಷ್ಟೇ. ಆಮೇಲೆ ಬಿಸಿಲು ತಡೆಯಲಾರದೆ, ಹಳೆಯ ಕಾಲದ ಅಮೆರಿಕದ ಬೀದಿಯ ಹಾಗೆ ಕಟ್ಟಿರುವ ಲಿಬರ್ಟಿ ಸ್ಕ್ವೇರ್‌ನ ದೊಡ್ಡ ಓಕ್ ಮರದ ಹತ್ತಿರ ಹೋಗಿ ಕೂತರು. ಕೂತವರು ಏಳಲೇ ಇಲ್ಲ. ಮಗಳಿಗೆ ಐಸ್‌ಕ್ರೀಮ್ ಕೊಡಿಸಿಕೊಂಡು ವಾಪಸ್ ಬಂದಾಗಲೂ ತಲೆ ಎತ್ತಿ ಮರವನ್ನೇ ನೋಡುತ್ತಿದ್ದರು.

"ಇದು ಇಲ್ಲಿ ಹುಟ್ಟಿದ ಮರ ಅಲ್ಲ ಕಣೋ" ಅಂದರು.

"ನಿಮಗೆ ಹೇಗೆ ಗೊತ್ತಾಯ್ತು ಅಪ್ಪ?"

"ಬುಡ ನೋಡು. ಮರ ಮೊದಲು ಬಂದಿದ್ದರೆ ಕಟ್ಟೆ ಮರಕ್ಕೆ ತಕ್ಕ ಹಾಗೆ ಇರ್ತಿತ್ತು. ಇಲ್ಲಿ ಕಟ್ಟೆ ಮೊದಲು ಆಗಿದೆ, ಮರ ಆಮೇಲೆ ಬಂದು ಕೂತಿದೆ."

ಫೋನಿನಲ್ಲಿ ಹುಡುಕಿ ನೋಡಿದೆ. ಅವರು ಹೇಳಿದ್ದು ನಿಜ. ಆ ಲೈವ್ ಓಕ್ ಮರ ನಿಮ್ಮದೇ ಜಮೀನಿನ ಇನ್ನೊಂದು ಮೂಲೆಯಲ್ಲಿ, ಸುಮಾರು ಎಂಟು ಮೈಲಿ ದೂರದಲ್ಲಿ ಬೆಳೆದದ್ದು. ನೂರು ವರ್ಷ ದಾಟಿದ್ದ ಮರ. ತೂಕ ಸುಮಾರು 38 ಟನ್. ಹಗ್ಗ ಬಿಗಿದು ಎತ್ತಿದರೆ ತೊಗಟೆ ಸುಲಿದು ಹೋಗುತ್ತದೆ ಅಂತ ಕಾಂಡಕ್ಕೇ ಆರಪಾರ ತೂತು ಕೊರೆದು, ಉಕ್ಕಿನ ಸರಳು ತೂರಿಸಿ, ಆ ಸರಳುಗಳನ್ನು ಹಿಡಿದು ಕ್ರೇನಿನಲ್ಲಿ ಎತ್ತಿ ತಂದರು. ಆಮೇಲೆ ಸರಳು ತೆಗೆದು, ಕೊರೆದಾಗ ಬಂದ ಮರದ ತುಂಡನ್ನೇ ಬಿರಡೆಯ ಹಾಗೆ ತೂತಿಗೆ ಹಾಕಿದರು. ಆ ಬಿರಡೆಗಳಿಂದ ಒಳಗೆ ರೋಗ ಹತ್ತಿತು. ಮತ್ತೆ ಅದನ್ನು ತೆಗೆದು, ಕೊಳೆತದ್ದನ್ನು ಕೆರೆದು, ಸಿಮೆಂಟ್ ತುಂಬಿದರು. ಬುಡಕ್ಕೆ ಇನ್ನೊಂದು ಎಳೆಯ ಓಕ್ ಸಸಿಯನ್ನು ಕಸಿ ಮಾಡಿದರು. ಕೊಂಬೆಗಳಿಗೆ 13 ಲಾಟೀನು ತೂಗುಹಾಕಿ ಅಮೆರಿಕದ ಮೊದಲ 13 ವಸಾಹತುಗಳ ನೆನಪು ಅಂದರು. ಪಾರ್ಕು 1971ರ ಅಕ್ಟೋಬರ್ 1ಕ್ಕೆ ಬಾಗಿಲು ತೆರೆಯಿತು.

ಅಪ್ಪ ಪೂರ್ತಿ ಕೇಳಿಸಿಕೊಂಡರು. "ಒಂದು ಮರಕ್ಕೆ ಇಷ್ಟೆಲ್ಲಾ ಮಾಡಿದ್ರಾ? ಹಾಗಾದರೆ ಇವರಿಗೆ ಮರ ಅಂದ್ರೆ ಏನು ಅಂತ ಗೊತ್ತು" ಅಂದರು.

ಗೊತ್ತು ಅಂತಲೇ ನಾನೂ ನಂಬಿದ್ದೇನೆ. ಅದಕ್ಕೇ ಈ ಪತ್ರ.

ಆ ಮರದಿಂದ ಸ್ವಲ್ಪ ದೂರ ನಡೆದರೆ ಒಂದು ನದಿ ಇತ್ತು. ನಡುವೆ ಟಾಮ್ ಸಾಯರ್ ದ್ವೀಪ. ಸುತ್ತ ಹೊಗೆ ಬಿಡುತ್ತಾ ಹೋಗುವ ಲಿಬರ್ಟಿ ಬೆಲ್ ಹಡಗು. 2025ರ ಜುಲೈ 6 ಅದರ ಕೊನೆಯ ದಿನ. ಈಗ ಅಲ್ಲಿ ಮಾತಾಡುವ ಕಾರುಗಳ 'ಕಾರ್ಸ್' ಸಿನಿಮಾದ ಲೋಕ ಬರುತ್ತದೆ, ಪಿಸ್ಟನ್ ಪೀಕ್ ನ್ಯಾಷನಲ್ ಪಾರ್ಕ್ ಅಂತ ಹೆಸರು. ನದಿಯ ನೀರು ಖಾಲಿಯಾಯಿತು. ದ್ವೀಪದ ಮರಗಳು ಹೋದವು. 1973ರಿಂದ ಮಕ್ಕಳು ಓಡಾಡಿದ್ದ ಗುಹೆ, ತೂಗುಸೇತುವೆ ಎಲ್ಲ ಹೋದವು. ಮೇಲಿಂದ ತೆಗೆದ ಫೋಟೋಗಳಲ್ಲಿ ಹಸಿರಿದ್ದ ಜಾಗದಲ್ಲಿ ಮರಳು ಕಾಣಿಸಿತು. ಪ್ರಪಂಚದ ಮೂಲೆಮೂಲೆಯ ಡಿಸ್ನಿ ಹುಚ್ಚರು ಅದನ್ನು ನೋಡಿ ಮನೆಯಲ್ಲೇ ಏನೋ ಒಡೆದು ಹೋದ ಹಾಗೆ ಸಂಕಟಪಟ್ಟರು.

ಆ ದ್ವೀಪಕ್ಕೆ ದಿನಕ್ಕೆ ಎಷ್ಟು ಜನ ಹೋಗುತ್ತಿದ್ದರು ಅಂತ ನೀವು ಕೇಳಬಹುದು. ಜಾಸ್ತಿ ಜನ ಹೋಗುತ್ತಿರಲಿಲ್ಲ, ಒಪ್ಪುತ್ತೇನೆ. ಕ್ಯೂ ಇರಲಿಲ್ಲ, ಆ್ಯಪ್‌ನಲ್ಲಿ ಸ್ಲಾಟ್ ಹಿಡಿಯುವ ಗೋಜಿರಲಿಲ್ಲ. ಅದೇ ಅದರ ಸುಖ. ಆದರೆ ದ್ವೀಪಕ್ಕೆ ಕಾಲಿಡದವರೂ ಅದರ ಮರಗಳನ್ನು ಬಳಸುತ್ತಿದ್ದರು. ನದಿಯ ಈ ದಡದ ಫ್ರಾಂಟಿಯರ್‌ಲ್ಯಾಂಡಿನ ರೇಲಿಂಗ್ ಹಿಡಿದು ನಿಂತು ಆಚೆ ನೋಡಿದರೆ ಬರೀ ಹಸಿರು. ಕಣ್ಣಿಗೆ ತಂಪು. ಹಿಂದೆ ಟರ್ಕಿ ಲೆಗ್ ತಿನ್ನುತ್ತಿರುವ ಜನಸಂದಣಿ ಇದೆ ಅನ್ನುವುದೇ ಮರೆತುಹೋಗುತ್ತಿತ್ತು. ಆ ಕೆಲಸಕ್ಕೆ ಲೆಕ್ಕ ಇಡುವ ಯಂತ್ರ ನಿಮ್ಮ ಬಳಿ ಇಲ್ಲ. ಇರುವ ಯಂತ್ರ ಗೇಟಿನಲ್ಲಿ ತಲೆ ಎಣಿಸುತ್ತದೆ.

ಈಗ ನನ್ನ ಜೊತೆಯ ಅಭಿಮಾನಿಗಳ ಬಗ್ಗೆ ಎರಡು ಮಾತು. ನಾವೂ ಸರಿಯಿಲ್ಲ. ಮರ ಹೋದ ಫೋಟೋ ನೋಡಿ "ಅಯ್ಯೋ, ಯಾಕೆ ಇಷ್ಟು ಅವಸರ?" ಅನ್ನುತ್ತೇವೆ. ಮುಂದಿನ ತಿಂಗಳು ಅದೇ ಜಾಗದ ಫೋಟೋ ನೋಡಿ "ಇನ್ನೂ ಮಣ್ಣೇ ಇದೆಯಲ್ಲ, ಯಾಕೆ ಇಷ್ಟು ನಿಧಾನ?" ಅನ್ನುತ್ತೇವೆ. ಎರಡೂ ಹೇಳುವುದು ಅದೇ ಮನುಷ್ಯ, ಅದೇ ಬಾಯಿ. ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಈ ಹುಚ್ಚು ಚಿಕ್ಕದಲ್ಲ. ದಕ್ಷಿಣ ಫ್ಲಾರಿಡಾದ ನೀರು ನಿರ್ವಹಣಾ ಇಲಾಖೆಗೆ ಡಿಸ್ನಿ ಸಲ್ಲಿಸುವ ಪರ್ಮಿಟ್ ಅರ್ಜಿಗಳನ್ನು ಪರೀಕ್ಷೆಗೆ ಓದಿದ ಹಾಗೆ ಓದುವವರಿದ್ದಾರೆ. ನಕ್ಷೆಯಲ್ಲಿ ಒಂದು ಗೆರೆ ಈಚೆ ಬಂದರೆ ಸಾಕು, "ಇಲ್ಲಿ ರೈಡು, ಅಲ್ಲಿ ಅಂಗಡಿ" ಅಂತ ಪಂಚಾಯ್ತಿ ಶುರು. ಒಂದು ಕಂಬ ಎದ್ದರೆ ಹಬ್ಬ.

ನಿಧಾನದ ದೂರಿಗೆ ಆಧಾರ ಇಲ್ಲ ಅಂತಲ್ಲ. ಟ್ರಾನ್ ಅನ್ನುವ ರೋಲರ್ ಕೋಸ್ಟರ್ ರೈಡನ್ನು ನೀವು ಘೋಷಿಸಿದ್ದು 2017ರ ಜುಲೈನಲ್ಲಿ. ಅದೇನೂ ಹೊಸ ಕಲ್ಪನೆ ಅಲ್ಲ. ಶಾಂಘೈನಲ್ಲಿ 2016ರಿಂದಲೇ ಓಡುತ್ತಿದ್ದ ರೈಡು ಅದು. ನಮ್ಮಲ್ಲಿ ಜನ ಹತ್ತಿದ್ದು 2023ರ ಏಪ್ರಿಲ್‌ನಲ್ಲಿ. ಆ ಕೆಲಸಕ್ಕೆ ಅಂತ ಪಾರ್ಕು ಸುತ್ತುವ ಉಗಿಬಂಡಿ 2018ರ ಡಿಸೆಂಬರ್‌ನಲ್ಲಿ ನಿಂತದ್ದು 2022ರ ಡಿಸೆಂಬರ್‌ಗೆ ಮತ್ತೆ ಹೊರಟಿತು. ನಾಲ್ಕು ವರ್ಷ ರೈಲಿಲ್ಲ. ರೈಲು ನಿಂತಾಗ ಎತ್ತಿಕೊಳ್ಳುವ ವಯಸ್ಸಿನಲ್ಲಿದ್ದ ನನ್ನ ಮಗಳು, ರೈಲು ಹೊರಟಾಗ "ಇದೆಲ್ಲ ಚಿಕ್ಕ ಮಕ್ಕಳಿಗೆ" ಅಂದಳು.

ನಡುವೆ ಕೋವಿಡ್ ಬಂತು, ನಿಜ. ಜೊತೆಗೆ ನಿಮ್ಮ ಕಷ್ಟವೂ ನಮಗೆ ಸ್ವಲ್ಪ ಅರ್ಥವಾಗುತ್ತದೆ. ಪಾರ್ಕು ವರ್ಷಪೂರ್ತಿ ತೆರೆದಿರಬೇಕು. ಪಕ್ಕದಲ್ಲೇ ಮಕ್ಕಳು ಮಿಕ್ಕಿ ಮೌಸ್ ಜೊತೆ ಫೋಟೋ ತೆಗೆಸಿಕೊಳ್ಳುತ್ತಿರುತ್ತಾರೆ, ಈಚೆ ನೀವು ಪೈಲಿಂಗ್ ಮಾಡಬೇಕು. ಒರ್ಲಾಂಡೋದ ನೆಲ ಮರಳು. ಸ್ವಲ್ಪ ಅಗೆದರೆ ನೀರು. ಅದಕ್ಕೇ ಅಲ್ವಾ, ಮ್ಯಾಜಿಕ್ ಕಿಂಗ್‌ಡಮ್‌ನ ನೆಲದಡಿಯ ಸುರಂಗ ದಾರಿಗಳನ್ನು ನೆಲದ ಮಟ್ಟದಲ್ಲೇ ಕಟ್ಟಿ, ಪಾರ್ಕನ್ನೇ ಅದರ ತಲೆ ಮೇಲೆ ಕೂರಿಸಿದ್ದು? ಅಂದರೆ ನಾವು ಬೀದಿ ಅಂದುಕೊಂಡು ನಡೆಯುವುದು ನಿಜವಾಗಿ ಮೊದಲನೇ ಮಹಡಿ. ಅಂಥ ಕಡೆ ಮರ ಬೆಳೆಸುವುದು ತಾರಸಿ ಮೇಲೆ ಮಾವು ನೆಟ್ಟ ಹಾಗೆ. ಕಷ್ಟವೇ.

ಬೇಗ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೂ ನಿಮ್ಮ ಮನೆಯದೇ ಕತೆ ಇದೆ. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಎದ್ದದ್ದು ಒಂದೇ ವರ್ಷದಲ್ಲಿ. 1954ರ ಜುಲೈಯಲ್ಲಿ ಗುದ್ದಲಿ, 1955ರ ಜುಲೈ 17ಕ್ಕೆ ಉದ್ಘಾಟನೆ. ಅವತ್ತಿನ ಡಾಂಬರು ಇನ್ನೂ ಆರಿರಲಿಲ್ಲ, ಹೆಂಗಸರ ಹೈಹೀಲ್ಸ್ ಅದರಲ್ಲಿ ಹೂತುಕೊಂಡವು. ಪ್ಲಂಬರ್‌ಗಳ ಮುಷ್ಕರ ಆಗಿ ಕುಡಿಯುವ ನೀರಿನ ನಲ್ಲಿಗಳು ತಯಾರಿರಲಿಲ್ಲ. ಗಿಡಗಳಿಗೆ ದುಡ್ಡು ಸಾಲದೆ, ಅಲ್ಲೇ ಬೆಳೆದಿದ್ದ ಕಳೆಗೆ ಲ್ಯಾಟಿನ್ ಹೆಸರಿನ ಬೋರ್ಡು ನೆಟ್ಟರು ಅನ್ನುವ ಕತೆಯನ್ನು ನೀವೇ ನಗುತ್ತಾ ಹೇಳಿಕೊಂಡು ಬಂದಿದ್ದೀರಿ. ಪಾರ್ಥೇನಿಯಂ ಗಿಡಕ್ಕೆ ಹಿತ್ತಾಳೆ ಬೋರ್ಡು! ನಮ್ಮೂರಲ್ಲಿ ಯಾರಿಗೂ ಹೊಳೆಯದೆ ಹೋಯಿತಲ್ಲ.

ಆ ಕಳೆಗಳ ಹಿಂದೆ ಇದ್ದ ಮನುಷ್ಯ ಬಿಲ್ ಇವಾನ್ಸ್. ಗ್ಲೆಂಡೇಲ್‌ನಲ್ಲಿ ಅವರ ಹೆಸರು ಗೊತ್ತಿಲ್ಲದವರು ಇರಲಿಕ್ಕಿಲ್ಲ, ಆದರೆ ಈ ಕಡೆ ಓದುವವರಿಗಾಗಿ ಹೇಳುತ್ತೇನೆ. ವಾಲ್ಟ್ ಡಿಸ್ನಿಯ ಮನೆಯ ತೋಟ ಮಾಡಿಕೊಟ್ಟವರು ಇವರು ಮತ್ತು ಇವರ ಸಹೋದರ ಜ್ಯಾಕ್. ಮನೆ ತೋಟ ಚೆನ್ನಾಗಿ ಬಂತು ಅಂತ ವಾಲ್ಟ್ ಪಾರ್ಕಿನ ಕೆಲಸವನ್ನೂ ಇವರಿಗೇ ಒಪ್ಪಿಸಿದರು. ಜಾಗ ಏನು? ಅನಾಹೈಮ್‌ನ 160 ಎಕರೆ ಕಿತ್ತಳೆ ತೋಟ. ಉಳಿಸಬೇಕಾದ ಮರಗಳಿಗೆ ಒಂದು ಬಣ್ಣದ ಪಟ್ಟಿ, ಕಡಿಯಬೇಕಾದವಕ್ಕೆ ಇನ್ನೊಂದು ಬಣ್ಣ ಕಟ್ಟಿದರಂತೆ. ಬುಲ್‌ಡೋಜರ್ ಓಡಿಸುವವನಿಗೆ ಬಣ್ಣ ಕುರುಡು. ಎಲ್ಲ ಹೋಯಿತು! ಕತೆಗೆ ಸ್ವಲ್ಪ ಉಪ್ಪುಖಾರ ಸೇರಿರಬಹುದು. ಆದರೆ ನೆಲಸಮ ಮಾಡುವ ಕಡೆ ಯಾವತ್ತೂ ಒಬ್ಬ ಬಣ್ಣ ಕುರುಡ ಇದ್ದೇ ಇರುತ್ತಾನೆ ಅಂತ ನನಗೆ ಅನ್ನಿಸುತ್ತದೆ.

ಇವಾನ್ಸ್ ಏನು ಮಾಡಿದರು ನೋಡಿ. ಆಗ ಲಾಸ್ ಏಂಜಲೀಸ್ ಸುತ್ತ ಹೊಸ ಫ್ರೀವೇಗಳು ಬರುತ್ತಿದ್ದವು. ರಸ್ತೆಗೆ ಅಂತ ಕಡಿದು ಬಿಸಾಡಲಿದ್ದ ದೊಡ್ಡ ಮರಗಳನ್ನು ಅವರು ಬೇರು ಸಮೇತ ತಂದು ಪಾರ್ಕಿನಲ್ಲಿ ನೆಟ್ಟರು. ಜಂಗಲ್ ಕ್ರೂಸ್ ಅನ್ನುವ ದೋಣಿ ರೈಡಿನಲ್ಲಿ ಕಾಡು ಕಾಣಿಸಬೇಕು, ಆದರೆ ಸಮಯ ಇಲ್ಲ. ಕಿತ್ತ ಕಿತ್ತಳೆ ಮರಗಳನ್ನೇ ತಲೆಕೆಳಗಾಗಿ ನೆಟ್ಟು, ಬೇರುಗಳನ್ನು ವಿಚಿತ್ರ ಕೊಂಬೆಗಳ ಹಾಗೆ ತೋರಿಸಿದರು. ಇಂಥ ಜುಗಾಡ್ ಬುದ್ಧಿ ಇದ್ದ ಮನುಷ್ಯನ ಬಗ್ಗೆ ಗೌರವ ಬರದೆ ಇರುತ್ತದೆಯೇ?

ಇನ್ನೊಂದು ಮರ ಇದೆ. ಆ ಕಿತ್ತಳೆ ತೋಟದ ಒಂದು ಪಾಲು ಡೊಮಿಂಗೆಸ್ ಕುಟುಂಬದ್ದು. ಅವರ ಮನೆಯ ಅಂಗಳದಲ್ಲಿ 1896ರಲ್ಲಿ ನೆಟ್ಟ ಒಂದು ಕೆನರಿ ದ್ವೀಪದ ಖರ್ಜೂರದ ಮರ ಇತ್ತು. ಮದುವೆಯ ಉಡುಗೊರೆಯಾಗಿ ಬಂದ ಸಸಿ. ಜಮೀನು ಮಾರುವಾಗ ಆ ಮನೆಯವರು ಹಾಕಿದ ಷರತ್ತು: ಮರ ಉಳಿಸಬೇಕು. ಮರ ಇದ್ದ ಜಾಗ ಪಾರ್ಕಿಂಗ್‌ಗೆ ಹೋಗಬೇಕಿತ್ತು. ವಾಲ್ಟ್ ಒಪ್ಪಿ, ಅದನ್ನು ಪಾರ್ಕಿನೊಳಗಿನ ಅಡ್ವೆಂಚರ್‌ಲ್ಯಾಂಡ್ ಭಾಗಕ್ಕೆ ಸಾಗಿಸಿದರು. ಆ ಮನೆಯ ಹುಡುಗ ರಾನ್ ಡೊಮಿಂಗೆಸ್ ಅದೇ ಪಾರ್ಕಿನಲ್ಲಿ ಟಿಕೆಟ್ ಹರಿಯುವ ಕೆಲಸಕ್ಕೆ ಸೇರಿ, ಕಂಪನಿಯ ದೊಡ್ಡ ಹುದ್ದೆಯವರೆಗೆ ಏರಿದರು. ತಾನು ಹುಟ್ಟಿದ ಮನೆಯ ಮರದ ಪಕ್ಕದಲ್ಲೇ ಆಯುಷ್ಯವೆಲ್ಲ ದುಡಿದ ಹಾಗಾಯಿತು.

ಇಷ್ಟೆಲ್ಲ ನೆನಪಿಸುವುದು ಹಳೆಯ ಕಾಲ ಚೆನ್ನಾಗಿತ್ತು ಅನ್ನಲಿಕ್ಕಲ್ಲ. ಆಗಲೂ ಕಡಿದರು, ಸಾವಿರಾರು ಕಿತ್ತಳೆ ಮರ ಕಡಿದರು. ಆದರೆ ಅವತ್ತು ಮರದ ಲೆಕ್ಕ ಕಟ್ಟಡದ ಲೆಕ್ಕದ ಜೊತೆಗೇ ನಡೆಯುತ್ತಿತ್ತು. ಫ್ಲಾರಿಡಾಕ್ಕೆ ಬಂದಾಗಲೂ ಇವಾನ್ಸ್ ಮೊದಲು ಮಾಡಿದ್ದು ಗಿಡಗಳ ನರ್ಸರಿ. ಅರಮನೆ ಏಳುವ ಮುಂಚೆಯೇ ಸಸಿಗಳು ಬೆಳೆಯುತ್ತಿದ್ದವು.

ಈಗ ಒರ್ಲಾಂಡೋದ ನಿಮ್ಮ ಇನ್ನೊಂದು ಪಾರ್ಕು ಎಪ್‌ಕಾಟ್‌ಗೆ ಬರೋಣ. 2019ರಲ್ಲಿ ಆ ಪಾರ್ಕಿನ ನಡುಮಧ್ಯವನ್ನೇ ಬಿಚ್ಚಿ ಹೊಸದಾಗಿ ಕಟ್ಟುತ್ತೇವೆ ಅಂದಿರಿ. ಹಳೆಯ ಕಟ್ಟಡ ಕೆಡವಿದಿರಿ, ಮರ ತೆಗೆದಿರಿ, ಗೋಡೆ ಹಾಕಿದಿರಿ. ಕೋವಿಡ್ ಬಂದು ಅರ್ಧ ಯೋಜನೆ ಬಿಟ್ಟುಹೋಯಿತು. ಗೋಡೆ ಮಾತ್ರ ನಿಂತೇ ಇತ್ತು. ಗೋಡೆಗಳೇ ಎಪ್‌ಕಾಟ್‌ನ ಹೊಸ ಪೆವಿಲಿಯನ್ ಅಂತ ಅಭಿಮಾನಿಗಳು ತಮಾಷೆ ಮಾಡುವಷ್ಟು. ಕೊನೆಗೆ ವರ್ಲ್ಡ್ ಸೆಲೆಬ್ರೇಷನ್ ಉದ್ಯಾನ ತೆರೆದದ್ದು 2023ರ ಡಿಸೆಂಬರ್ 5ಕ್ಕೆ. ಕಮ್ಯೂನಿಕೋರ್ ಹಾಲ್ ತೆರೆದದ್ದು 2024ರ ಜೂನ್‌ನಲ್ಲಿ.

ಉದ್ಯಾನ ಚೆನ್ನಾಗಿದೆ. ರಾತ್ರಿ ದೀಪಗಳು ಬೆಳಗಿದಾಗ ಬಹಳ ಚೆನ್ನಾಗಿದೆ. ಹಗಲು ಹೋಗಿ ನಿಂತಾಗ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಹೊಸದಾಗಿ ಬಂದ ಮರಗಳು ಶಾಲೆಯ ಮೊದಲ ದಿನದ ಮಕ್ಕಳ ಹಾಗೆ ನಿಂತಿದ್ದವು. ತೆಳು ಕಾಂಡ, ನಾಲ್ಕು ಕೊಂಬೆ. ಒಂದೊಂದರ ನೆರಳಿನಲ್ಲೂ ಒಂದೊಂದು ತಳ್ಳುಗಾಡಿ, ಒಳಗೆ ನಿದ್ದೆ ಹೋದ ಮಗು. ಮಗುವಿಗೆ ಮಾತ್ರ ನೆರಳು ಸಾಕಾಗಿತ್ತು. ಹಿಡಿಕೆ ಹಿಡಿದ ತಾಯಿ ಬಿಸಿಲಲ್ಲಿ.

ಅಲ್ಲೇ ನನಗೆ ಹೊಳೆದದ್ದು. ಗೋಡೆ ನಾಲ್ಕು ವರ್ಷ ಇತ್ತು. ಆ ಮರಗಳು ನಾಲ್ಕು ವರ್ಷದ ಹಿಂದೆಯೇ ನೆಲಕ್ಕೆ ಹೋಗಿದ್ದರೆ? ಎಲ್ಲವೂ ಆಗುವುದಿಲ್ಲ, ಕ್ರೇನ್ ಓಡಾಡುವ ಕಡೆ ಸಸಿ ನಿಲ್ಲುವುದಿಲ್ಲ. ಆದರೆ ಅಂಚಿನಲ್ಲಿ? ಮೂಲೆಯಲ್ಲಿ? ಕಟ್ಟಡ ಬರುವುದಿಲ್ಲ ಅಂತ ಮೊದಲ ನಕ್ಷೆಯಲ್ಲೇ ಗೊತ್ತಿದ್ದ ಜಾಗದಲ್ಲಿ? ಅದೂ ಆಗದಿದ್ದರೆ ನಿಮ್ಮದೇ ನರ್ಸರಿಯಲ್ಲಿ, ದೊಡ್ಡ ಪೆಟ್ಟಿಗೆಯಲ್ಲಿ? ನೀವು ನಿಧಾನ ಅನ್ನುವುದು ನಮಗೆಲ್ಲ ಗೊತ್ತಿರುವ ವಿಷಯ. ಆ ನಿಧಾನವನ್ನು ಮರಕ್ಕಾದರೂ ಕೊಡಿ. ರೈಡಿಗೆ ಐದು ವರ್ಷ ಹಿಡಿಯುವುದಾದರೆ ಓಪನಿಂಗ್ ದಿನ ಮರಕ್ಕೂ ಐದು ವರ್ಷ ಆಗಿರಬೇಕು. ಈಗ ಆಗುತ್ತಿರುವುದು ಏನಂದರೆ, ರೈಡು ಐದು ವರ್ಷದ್ದು, ಮರ ಐದು ವಾರದ್ದು.

ಬೇಗ ಕಟ್ಟುವವರದ್ದೂ ಇದೇ ಪಾಡು. ನಿಮ್ಮ ಎದುರಾಳಿ ಯೂನಿವರ್ಸಲ್‌ನವರನ್ನು ನೋಡಿ ಕಲಿಯಿರಿ ಅಂತ ನಮ್ಮವರು ಯಾವಾಗಲೂ ಹೇಳುತ್ತಾರೆ. ಎಪಿಕ್ ಯೂನಿವರ್ಸ್ ಅನ್ನುವ ಇಡೀ ಪಾರ್ಕನ್ನೇ 2019ರಲ್ಲಿ ಘೋಷಿಸಿ, 2020ರಲ್ಲಿ ನಿಲ್ಲಿಸಿ, 2021ರಲ್ಲಿ ಮತ್ತೆ ಶುರುಮಾಡಿ, 2025ರ ಮೇ 22ಕ್ಕೆ ತೆರೆದರು. ನೀವು ಒಂದು ರೈಡು ಕಟ್ಟುವ ಹೊತ್ತಿಗೆ ಅವರು ಪಾರ್ಕು ಕಟ್ಟಿದರು. ಚಪ್ಪಾಳೆ ಹೊಡೆದೆವು. ಜೂನ್ ಬಂತು. ಅಲ್ಲಿಗೆ ಹೋದವರ ಮೊದಲ ದೂರು ಏನು ಗೊತ್ತಾ? ನೆರಳಿಲ್ಲ. ದುಡ್ಡು ಸುರಿದು ರೋಲರ್ ಕೋಸ್ಟರ್ ಬೇಗ ತರಿಸಬಹುದು. ಲೈವ್ ಓಕ್‌ಗೆ ಓವರ್‌ಟೈಮ್ ಕೊಟ್ಟು ಬೆಳೆಸಲು ಆಗುವುದಿಲ್ಲ.

ನಿಮ್ಮದೇ ಟಾಯ್ ಸ್ಟೋರಿ ಲ್ಯಾಂಡ್ ನೆನಪಿದೆ ಅಲ್ವಾ? 2018ರ ಜೂನ್ 30ಕ್ಕೆ ತೆರೆದಿರಿ. ಫ್ಲಾರಿಡಾದ ಜೂನ್! ಒಳಗೆ ಕಾಲಿಟ್ಟರೆ ನಾವು ಆಟಿಕೆಯಷ್ಟು ಚಿಕ್ಕವರಾಗುತ್ತೇವೆ ಅನ್ನುವುದು ಆ ಜಾಗದ ಕತೆ. ನಮ್ಮನ್ನು ಕುಗ್ಗಿಸಿದಿರಿ, ಸೂರ್ಯನನ್ನು ಕುಗ್ಗಿಸಲು ಮರೆತಿರಿ.

ಮರ ತೆಗೆಯಲೇಬೇಕಾದ ಕಾರಣಗಳೂ ಇರುತ್ತವೆ ಅನ್ನುವುದನ್ನು ಒಪ್ಪದೆ ಬರೆದರೆ ಇದು ಸುಮ್ನೆ ಕೂಗಾಟ ಆಗುತ್ತದೆ. ಬೇರು ಕಾಂಕ್ರೀಟ್ ಎತ್ತಿದರೆ ವೀಲ್‌ಚೇರ್‌ನವರು ಎಡವುತ್ತಾರೆ. ಹೊಸ ಚರಂಡಿ, ಕೇಬಲ್ ಹಾಕಲು ಬೇರು ಕತ್ತರಿಸಿದರೆ ಮರ ಅವತ್ತು ಬೀಳುವುದಿಲ್ಲ, ಮೂರನೇ ವರ್ಷ ಒಣಗುತ್ತದೆ. ಭಾರದ ಯಂತ್ರಗಳು ಬುಡದ ಮೇಲೆ ಓಡಾಡಿದರೂ ಅಷ್ಟೇ, ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರಿಲ್ಲ. ಚಂಡಮಾರುತದ ಭಯ ಬೇರೆ. ಅದರಲ್ಲೂ ಎಲ್ಲ ಓಕ್ ಒಂದೇ ಅಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದವರು ಚಂಡಮಾರುತಗಳು ಹೋದ ಮೇಲೆ ಬಿದ್ದ ಮರಗಳನ್ನು ಲೆಕ್ಕ ಹಾಕಿ ನೋಡಿದ್ದಾರೆ. ಲೈವ್ ಓಕ್ ಗಾಳಿಗೆ ಗಟ್ಟಿ. ಲಾರೆಲ್ ಓಕ್, ವಾಟರ್ ಓಕ್ ಅಷ್ಟು ಗಟ್ಟಿಯಲ್ಲ, ಆಯುಸ್ಸೂ ಕಡಿಮೆ. 1971ರ ಸುಮಾರಿಗೆ ನೆಟ್ಟ ಲಾರೆಲ್ ಓಕ್ ಇದ್ದರೆ ಅದಕ್ಕೀಗ ಮುಪ್ಪು. ತೆಗೆಯಿರಿ, ಯಾರು ಬೇಡ ಅಂದರು?

ಆದರೆ ಪಟಾಕಿಗೆ ಮರ ಅಡ್ಡ ಅನ್ನುವ ಕಾರಣ ಮಾತ್ರ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಮ್ಯಾಜಿಕ್ ಕಿಂಗ್‌ಡಮ್‌ನ ಅರಮನೆಯ ಮುಂದೆ ಹಬ್ ಅನ್ನುವ ವೃತ್ತದಲ್ಲಿ ಒಂದು ಕಾಲಕ್ಕೆ ನೆರಳಿತ್ತು. ಈಗ ರಾತ್ರಿಯ ಶೋ ನೋಡಲು ಬಯಲು ಇದೆ, ಕೃತಕ ಹುಲ್ಲಿದೆ. ಇಪ್ಪತ್ತು ನಿಮಿಷದ ಶೋಗಾಗಿ ಹನ್ನೆರಡು ಗಂಟೆಯ ಬಿಸಿಲು. ವ್ಯಾಪಾರದಲ್ಲಿ ಇದಕ್ಕೆ ಏನಂತಾರೋ ಗೊತ್ತಿಲ್ಲ, ನಮ್ಮ ಸಂತೆಯಲ್ಲಿ ನಷ್ಟ ಅಂತಾರೆ.

ಬೇರೆ ಕಡೆ ಹೇಗೆ ಮಾಡಿದರು ಅನ್ನುವುದಕ್ಕೆ ಒಂದೇ ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನಲ್ಲಿ ಮರಗಳ ತಲೆಗಿಂತ ಎತ್ತರಕ್ಕೆ ರೈಡ್ ಕಟ್ಟುವಂತಿಲ್ಲ. ಹಾಗಂತ ಅವರು ಅಳುತ್ತಾ ಕೂರಲಿಲ್ಲ. ನೆಲ ಸಿಡಿಸಿ ಗುಂಡಿ ತೆಗೆದು, 1994ರಲ್ಲಿ ನೆಮೆಸಿಸ್ ಅನ್ನುವ ರೋಲರ್ ಕೋಸ್ಟರನ್ನು ಆ ಗುಂಡಿಯೊಳಗೇ ಇಳಿಸಿದರು. ಮೇಲೆ ಹೋಗಲು ಬಿಡದ ಮರಗಳಿಂದಲೇ ಆ ರೈಡು ಹೆಸರಾಯಿತು.

ನಿಮ್ಮಲ್ಲೂ ಒಂದಿದೆ. ಆನಿಮಲ್ ಕಿಂಗ್‌ಡಮ್. ತಮಾಷೆ ನೋಡಿ, ಅದರ ನಡುವೆ ಇರುವ 145 ಅಡಿಯ ಟ್ರೀ ಆಫ್ ಲೈಫ್ ಮರವೇ ಅಲ್ಲ. ಸಮುದ್ರದಲ್ಲಿ ಎಣ್ಣೆ ತೆಗೆಯುವ ವೇದಿಕೆಯ ಉಕ್ಕಿನ ಚೌಕಟ್ಟು, ಮೇಲೆ ಸಿಮೆಂಟ್, ಲಕ್ಷ ದಾಟಿದ ಕೃತಕ ಎಲೆ. ಎಲೆ ಉದುರುವುದಿಲ್ಲ, ಗುಡಿಸುವ ಕೆಲಸವಿಲ್ಲ. ಆದರೆ ಅದರ ಸುತ್ತ 1998ರಲ್ಲಿ ಪಾರ್ಕು ತೆರೆಯುವ ಮೊದಲೇ ನೆಟ್ಟ ನಿಜವಾದ ಗಿಡಗಳು ಈಗ ಕಾಡಾಗಿವೆ. ನಾಲ್ಕು ಪಾರ್ಕುಗಳಲ್ಲಿ ಅಪ್ಪ ಇಡೀ ದಿನ ನಡೆದದ್ದು ಅಲ್ಲೊಂದರಲ್ಲೇ. ಸಂಜೆ ಕಾಲು ನೋವು ಅಂದರು, ತಲೆನೋವು ಅನ್ನಲಿಲ್ಲ.

ನಾನು ಬೆಂಗಳೂರಿನಲ್ಲೂ ಓದಿ ಕೆಲಸ ಮಾಡಿದವನು. ಎಂ.ಜಿ. ರೋಡಿನ ಒಂದು ಬದಿಗೆ ಬುಲೆವಾರ್ಡ್ ಅಂತ ಇತ್ತು. ಮರಗಳ ಕೆಳಗೆ ಕಲ್ಲಿನ ದಾರಿ, ಮೇಲೆ ಕಾಗದದ ಹೂವಿನ ಬಳ್ಳಿ. ಮೆಟ್ರೋಗೆ ಅಂತ ಅದು ಹೋಯಿತು. 2011ರ ಅಕ್ಟೋಬರ್‌ನಲ್ಲಿ ರೈಲು ಬಂತು, ನಾವೇ ಖುಷಿಯಾಗಿ ಹತ್ತಿದೆವು. ರೈಲು ಬೇಕಿತ್ತು. ಅದರ ಬಗ್ಗೆ ಜಗಳ ಇಲ್ಲ. ಆದರೆ ಆ ದಾರಿಯಲ್ಲಿ ಮಧ್ಯಾಹ್ನ ನಡೆದವರು ಇವತ್ತಿಗೂ ಅಲ್ಲಿ ಒಂದು ಹೆಜ್ಜೆ ನಿಧಾನ ಮಾಡುತ್ತಾರೆ. ಒರ್ಲಾಂಡೋದ ಅಭಿಮಾನಿಗಳು ಖಾಲಿ ನದಿಯ ಫೋಟೋ ನೋಡಿ ಕಣ್ಣು ಒರೆಸಿಕೊಂಡಾಗ ಕೆಲವರು ನಕ್ಕರು. "ಅದು ಕೃತಕ ನದಿ, ಕೃತಕ ದ್ವೀಪ, ಅಳೋದಕ್ಕೆ ಏನಿದೆ?" ಅಂದರು. ದ್ವೀಪ ಕೃತಕ ಸರಿ. ಅದರ ಮೇಲೆ ಐವತ್ತು ವರ್ಷ ಬೆಳೆದ ಮರ ಕೃತಕವೇ? ಅಲ್ಲಿಗೆ ಬಂದು ಗೂಡು ಕಟ್ಟಿದ ಹಕ್ಕಿಗೆ ಅದು ಸೆಟ್ಟಿಂಗ್ ಅಂತ ಯಾರೂ ಹೇಳಿರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. 2023ರಲ್ಲಿ ನಿಮ್ಮ ಕಂಪನಿ ಪಾರ್ಕು ಮತ್ತು ಹಡಗುಗಳಿಗೆ ಹತ್ತು ವರ್ಷದಲ್ಲಿ 6000 ಕೋಟಿ ಡಾಲರ್ ಹಾಕುತ್ತೇವೆ ಅಂತ ಹೇಳಿತು. ಅದರ ಮುಂದೆ ಇದು ಕಡಲೆಪುರಿ ಖರ್ಚು.

ಕೆಲಸ ನಡೆಯುವ ಕಡೆ ನೀವು ಗೋಡೆ ಹಾಕುತ್ತೀರಿ. ಗೋಡೆಯ ಮೇಲೆ ವಾಲ್ಟ್‌ನ ಮಾತು, ಮುಂದೆ ಬರುವ ರೈಡಿನ ಬಣ್ಣದ ಚಿತ್ರ. ಅದರ ಪಕ್ಕ ಇನ್ನೊಂದು ಹಲಗೆ ಹಾಕಿ. ಈ ಗೋಡೆಯ ಹಿಂದೆ ಎಷ್ಟು ಮರ ಇದ್ದವು, ಎಷ್ಟು ಉಳಿದವು, ಎಷ್ಟನ್ನು ಬೇರೆಡೆಗೆ ಸಾಗಿಸಿದಿರಿ, ಹೊಸದು ಎಷ್ಟು, ಅವನ್ನು ಯಾವ ತಿಂಗಳು ನೆಟ್ಟಿರಿ. ಅಷ್ಟು ಸಾಕು. ಲೆಕ್ಕ ಕಣ್ಣೆದುರಿಗೆ ಇದ್ದರೆ ಜನ ಊಹೆ ಮಾಡುವುದಿಲ್ಲ. ಈಗ ಹೆಲಿಕಾಪ್ಟರ್ ಫೋಟೋ ನೋಡಿ ಮರ ಎಣಿಸುತ್ತಿದ್ದೇವೆ, ನಮಗೂ ಮಾನ ಇಲ್ಲ ಅನ್ನುವ ಹಾಗೆ.

ಆ ಬಣ್ಣದ ಚಿತ್ರದ ಬಗ್ಗೆಯೂ ಒಂದು ಮಾತು. ನಿಮ್ಮ ಚಿತ್ರಗಳಲ್ಲಿ ಮರಗಳು ಹುಟ್ಟುವಾಗಲೇ ನಲವತ್ತು ವರ್ಷದವು. ದಟ್ಟ ನೆರಳು, ಕೆಳಗೆ ನಗುವ ಕುಟುಂಬ. ಒಂದೇ ಒಂದು ಸಲ ಓಪನಿಂಗ್ ದಿನ ಮರಗಳು ನಿಜವಾಗಿ ಎಷ್ಟು ದೊಡ್ಡದಿರುತ್ತವೋ ಅಷ್ಟೇ ಬರೆದು ತೋರಿಸಿ. ಆಗ ನಿಮಗೇ ನಡುಕ ಹುಟ್ಟಿ ನರ್ಸರಿಗೆ ಫೋನ್ ಮಾಡುತ್ತೀರಿ.

ಪಿಸ್ಟನ್ ಪೀಕ್‌ಗೂ ಲಿಬರ್ಟಿ ಸ್ಕ್ವೇರ್‌ಗೂ ನಡುವೆ ಮರಗಳ ಸಾಲು ಅಡ್ಡ ಇರುತ್ತದೆ, ಈ ಕಡೆಯವರಿಗೆ ಕಾರುಗಳ ಸದ್ದು, ನೋಟ ಬಾರದ ಹಾಗೆ ನೋಡಿಕೊಳ್ಳುತ್ತೇವೆ ಅಂದಿದ್ದೀರಿ. ಒಳ್ಳೆಯ ಮಾತು. ಆ ಸಾಲು ಎಲ್ಲಿ ಬರುತ್ತದೆ ಅಂತ ನಿಮ್ಮ ನಕ್ಷೆಯಲ್ಲಿ ಇವತ್ತೇ ಗೊತ್ತಿರಬೇಕು. ಹಾಗಾದರೆ ಅದು ಕೊನೆಯ ಕೆಲಸ ಯಾಕೆ ಆಗಬೇಕು? ಮೊದಲ ಕೆಲಸ ಆಗಲಿ. ಇಲ್ಲದಿದ್ದರೆ ಹದಿನೆಂಟನೇ ಶತಮಾನದ ಬೀದಿಯಲ್ಲಿ ನಿಂತವರಿಗೆ ಎಳೆ ಗಿಡಗಳ ಸಂದಿಯಿಂದ ಕಣ್ಣು ಮಿಟುಕಿಸುವ ಕಾರು ಕಾಣಿಸುತ್ತದೆ.

ಖಾಲಿ ನದಿಯ ಫೋಟೋವನ್ನು ಅಪ್ಪನಿಗೂ ವಾಟ್ಸಾಪ್ ಮಾಡಿದ್ದೆ. ರಾತ್ರಿ ಫೋನ್ ಬಂತು. ಅವರಿಗೆ ಅಲ್ಲಿ ಬೆಳಿಗ್ಗೆ, ಕಾಫಿ ಹೊತ್ತು.

"ನಾನು ಕೂತಿದ್ದ ಮರ ಇದೆಯಾ?" ಅಂದರು.

"ಅದು ಈ ಫೋಟೋದಲ್ಲಿರೋ ಜಾಗ ಅಲ್ಲ ಅಪ್ಪ. ಇದು ಅದರ ಆಚೆ, ದೋಣಿ ಹೋಗ್ತಿತ್ತಲ್ಲ, ಅದು."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತೋಟದ ಮಾತು ತೆಗೆದರು. ಮೇಲಿನ ತೋಟದ ಹಳೆಯ ಸಾಲಿನಲ್ಲಿ ಫಲ ಕಡಿಮೆಯಾಗಿದೆ, ಮರಕ್ಕೆ ವಯಸ್ಸಾಯಿತು. ಅದಕ್ಕೇ ಎರಡು ಸಾಲಿನ ನಡುವೆ ಹೊಸ ಸಸಿ ಇಟ್ಟಿದ್ದಾರೆ. ಸಸಿ ಕಚ್ಚಿಕೊಂಡು ನಾಲ್ಕು ವರ್ಷ ಬೆಳೆದ ಮೇಲೆ ಹಳೆಯದನ್ನು ಒಂದೊಂದಾಗಿ ತೆಗೆಸುತ್ತಾರಂತೆ. ಒಂದೇ ಸಲ ಕಡಿದರೆ ತೋಟ ಬೋಳಾಗುತ್ತದೆ, ಬಿಸಿಲಿಗೆ ಸಸಿಯೂ ಏಳುವುದಿಲ್ಲ, ಮನೆಗೆ ಕೊಬ್ಬರಿಯೂ ಇಲ್ಲ.

"ಅಲ್ಲೋ, ಅವರ ಹತ್ರ ಸಸಿ ರೆಡಿ ಇದ್ಯಂತಾ?" ಅಂತ ಕೇಳಿದರು.

ನನಗೆ ಗೊತ್ತಿರಲಿಲ್ಲ. ಕೇಳಿ ಹೇಳ್ತೀನಿ ಅಪ್ಪ ಅಂದಿದ್ದೇನೆ.

ಇಂತಿ,
ನಿಮ್ಮ ಪಾರ್ಕಿನ ನೆರಳಿನಲ್ಲಿ ಬಹಳ ಸಲ ಕೂತೆದ್ದ ಒಬ್ಬ ಕನ್ನಡಿಗ
ಟ್ಯಾಂಪಾ, ಫ್ಲಾರಿಡಾ